ಜುಂಜಮ್ಮನ ಎಡಗೈ

ಜೀನ್ಸ್ ಪ್ಯಾಂಟಿಗೆ ಜಿಪ್ ಕೂರಿಸುವುದು ಸುಲಭವಲ್ಲ. ಬಟ್ಟೆ ದಪ್ಪ, ಜಾಗ ಇಕ್ಕಟ್ಟು. ಸೂಜಿ ಓಡುತ್ತಿರುವಾಗ ಎಡಗೈ ಬಟ್ಟೆಯನ್ನು ತಿರುಗಿಸುತ್ತಲೇ ಇರಬೇಕು. ಸ್ವಲ್ಪ ಜಾರಿದರೂ ಜಿಪ್ ಸೊಟ್ಟಗಾಗುತ್ತದೆ. ಆಂಧ್ರದ ಗಡಿಯ ರಾಯದುರ್ಗದಲ್ಲಿ, ಚನ್ನಬಸವಯ್ಯನವರ ಹೊಲಿಗೆ ಶೆಡ್ಡಿನಲ್ಲಿ ಆ ಕೆಲಸ ಜುಂಜಮ್ಮನದಾಗಿತ್ತು.

ಅವಳು ಹುಟ್ಟಿದ್ದು ಮಡಕಶಿರಾ ಸೀಮೆಯಲ್ಲಿ, ರೊಳ್ಳದ ಹತ್ತಿರದ ಹಟ್ಟಿಯೊಂದರಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಆ ಕಡೆಯವರು ಕೆಲಸ ಹುಡುಕಿಕೊಂಡು ಹೆಚ್ಚಾಗಿ ಬೆಂಗಳೂರಿಗೋ ಹಿಂದೂಪುರಕ್ಕೋ ಹೋಗುತ್ತಾರೆ. ರಾಯದುರ್ಗದಲ್ಲಿ ಹೆಂಗಸರಿಗೂ ಮಿಷನ್ ಕಲಿಸುತ್ತಾರೆ ಎಂದು ಯಾರೋ ಹೇಳಿದ್ದನ್ನು ಕೇಳಿ ಅವಳು ಕುರಿಗಳನ್ನು ಮೈದುನನಿಗೆ ಬಿಟ್ಟು, ಗಂಡ ಸೂರಪ್ಪನನ್ನು ಹೊರಡಿಸಿಕೊಂಡು ಅಲ್ಲಿಗೆ ಬಂದಳು. ಸೂರಪ್ಪ ಬಟ್ಟೆಯ ಬೇಲು ಹೊರುವ ಹಮಾಲಿಯಾದ. ಅವಳಿಗೆ ಸಿಕ್ಕಿದ್ದು ಹೊಲಿದ ಪ್ಯಾಂಟುಗಳ ಉಳಿದ ದಾರ ಕತ್ತರಿಸುವ ಕೆಲಸ. ಊಟದ ಹೊತ್ತಿನಲ್ಲಿ ಮಿಷನ್ನುಗಳು ಖಾಲಿಯಾದಾಗ ಚಿಂದಿ ಬಟ್ಟೆ ಹಿಡಿದು ಕೂರುತ್ತಿದ್ದಳು. ಕಲಿಯದೆ ಮಿಷನ್ ಮುಟ್ಟಬೇಡವೆಂದು ಚನ್ನಬಸವಯ್ಯ ಗದರಿದಾಗ, ಮುಟ್ಟದೆ ಕಲಿಯುವುದು ಹೇಗೆಂದು ಕೇಳಿದಳಂತೆ. ಆಮೇಲೆ ಅವರು ತಡೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಶೆಡ್ಡಿನ ಜಿಪ್ ಕೆಲಸವೆಲ್ಲ ಅವಳ ಕೈಗೆ ಬಂತು.

ಒಂದು ಮಧ್ಯಾಹ್ನ ತಲೆ ಸಿಡಿಯುತ್ತಿದೆ ಎಂದವಳು ವಾಂತಿ ಮಾಡಿ ಮಿಷನ್ನಿನ ಮೇಲೆಯೇ ಒರಗಿದಳು. ರಕ್ತದೊತ್ತಡ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ. ಬಳ್ಳಾರಿಯಲ್ಲಿ ಸ್ಕ್ಯಾನ್ ಮಾಡಿ, ಮೆದುಳಿನ ಬಲಭಾಗದಲ್ಲಿ ರಕ್ತಸ್ರಾವವಾಗಿದೆ ಎಂದು ಬೆಂಗಳೂರಿಗೆ ಕಳಿಸಿದರು. ಅಲ್ಲಿ ನಾನು ಡಾಕ್ಟರಾಗಿರುವ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಬರುವ ಹೊತ್ತಿಗೆ ಅವಳಿಗೆ ಪ್ರಜ್ಞೆ ಇರಲಿಲ್ಲ. ಉಸಿರಾಟದ ಯಂತ್ರ ಹಾಕಬೇಕಾಯಿತು.

ಆಗ ನಾವು ಒಂದು ಅಧ್ಯಯನ ನಡೆಸುತ್ತಿದ್ದೆವು. ಮೆದುಳಿನಲ್ಲಿ ರಕ್ತನಾಳ ಒಡೆದವರ ರಕ್ತದೊತ್ತಡವನ್ನು ಇಳಿಸಬೇಕು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಎಷ್ಟು ಬೇಗ ಇಳಿಸಬೇಕು ಎನ್ನುವುದರಲ್ಲಿ ಇತ್ತು. ಬೇಗ ಇಳಿಸುವುದು, ನಿಧಾನವಾಗಿ ಇಳಿಸುವುದು, ಎರಡು ವಿಧಾನಗಳೂ ಬಳಕೆಯಲ್ಲಿದ್ದವು. ಯಾವ ರೋಗಿಗೆ ಯಾವ ವಿಧಾನ ಎಂಬುದನ್ನು ವೈದ್ಯರು ಆರಿಸಿದರೆ ಹೋಲಿಕೆ ಕೆಟ್ಟುಹೋಗುತ್ತದೆ. ಆದ್ದರಿಂದ ಆ ಆಯ್ಕೆಯನ್ನು ಕಂಪ್ಯೂಟರ್, ಚೀಟಿ ಎತ್ತಿದ ಹಾಗೆ, ಮಾಡುತ್ತಿತ್ತು. ರೋಗಿಗಳು ಬದುಕಿದರೆ ಒಂದು ವರ್ಷ ಅವರ ಸ್ಥಿತಿಯನ್ನು ವಿಚಾರಿಸುತ್ತಿದ್ದೆವು. ಇಷ್ಟಕ್ಕೂ ಮನೆಯವರ ಒಪ್ಪಿಗೆ ಬೇಕು. ಅದನ್ನು ಸೂರಪ್ಪನಿಗೆ ವಿವರಿಸಿದವಳು ಸಂಶೋಧನೆಯ ನರ್ಸ್ ತ್ರಿವೇಣಿ. ರಾಯದುರ್ಗದ ಹತ್ತಿರದ ಕಣೇಕಲ್ಲಿನ ಹುಡುಗಿ, ಕನ್ನಡ ತೆಲುಗು ಎರಡೂ ಬಲ್ಲವಳು.

ಸೂರಪ್ಪ ಎಲ್ಲವನ್ನೂ ನಿಂತುಕೊಂಡೇ ಕೇಳಿದ.

"ಎರಡ್ರಾಗೆ ಯಾವ್ದು ಒಳ್ಳೇದು ಅಂತ ನಿಮಗೇ ಗೊತ್ತಿಲ್ವಾ?"

"ಗೊತ್ತಿಲ್ರಿ. ಅದನ್ನ ತಿಳ್ಕೊಳ್ಳಾಕಂತಲೇ ಇದು."

"ಅಂಗಾದ್ರೆ ಹೂ ಕೇಳ್ದಂಗೆ" ಎಂದ ಅವನು. "ಕೇಳವ್ವ."

ಅವರ ಹಟ್ಟಿಯಲ್ಲಿ ಕುರಿ ಕಾಯುವವರ ದೇವರು ಜುಂಜಪ್ಪನ ಗುಡಿಯಿದೆ. ಏನಾದರೂ ತೀರ್ಮಾನವಾಗಬೇಕಾದಾಗ ದೇವರಿಗೆ ಹೂ ಏರಿಸಿ ಕಾಯುತ್ತಾರೆ. ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. ತ್ರಿವೇಣಿ ಕಂಪ್ಯೂಟರಿನ ಮುಂದೆ ಕೂತಾಗ ಸೂರಪ್ಪ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದು ಕೈ ಮುಗಿದು ನಿಂತ. ಅಲ್ಲಿದ್ದವರಿಗೆ ನಗು ಬಂತು. ಅವನಿಗೆ ವಿಷಯ ತಿಳಿದಿದೆ, ತನ್ನ ರೀತಿಯಲ್ಲಿ ತಿಳಿದಿದೆ ಎಂದುಕೊಂಡೆವು.

ಜುಂಜಮ್ಮ ಬದುಕಿದಳು. ಯಂತ್ರ ತೆಗೆದ ಮೇಲೆ ಮೊದಲು ಕೇಳಿದ್ದು ತನ್ನ ಮಿಷನ್ನಿಗೆ ಯಾರನ್ನು ಕೂರಿಸಿದ್ದಾರೆ ಎಂದು. ಮಾತು ಸರಿಯಿತ್ತು, ಕಾಲಿನಲ್ಲಿ ಬಲ ಬರುತ್ತಿತ್ತು. ಎಡಗೈ ಮಾತ್ರ ಹೇಳಿದ್ದಕ್ಕಿಂತ ತಡವಾಗಿ, ಹೇಳಿದ್ದಕ್ಕಿಂತ ಕಡಿಮೆ ಏಳುತ್ತಿತ್ತು. ಮನೆಗೆ ಹೋದ ಮೇಲೂ ಕೈಯಲ್ಲಿ ತೊಂದರೆ ಉಳಿದವರನ್ನು ನಾವು ಮತ್ತೆ ಕರೆಸಿ ಅಭ್ಯಾಸ ಮಾಡಿಸುತ್ತಿದ್ದೆವು. ಯಾರನ್ನು ಕರೆಸಬೇಕೆಂದು ಗೊತ್ತಾಗುತ್ತಿದ್ದುದು ಫೋನಿನಲ್ಲಿ ಸಿಕ್ಕ ಉತ್ತರದಿಂದ.

ಅವರ ಮನೆಯ ಫೋನು ಇರುತ್ತಿದ್ದುದು ಸೂರಪ್ಪನ ಜೇಬಿನಲ್ಲಿ. ತ್ರಿವೇಣಿ ಮೂರನೆಯ ತಿಂಗಳಲ್ಲಿ ವಿಚಾರಿಸಿದಳು, ಆರನೆಯ ತಿಂಗಳಲ್ಲಿ ಮತ್ತೆ ವಿಚಾರಿಸಿದಳು. ತಾನೇ ಸ್ನಾನ ಮಾಡುತ್ತಾಳೆಯೇ? ಮಾಡುತ್ತಾಳೆ. ಸೀರೆ ಉಡುತ್ತಾಳೆಯೇ? ಉಡುತ್ತಾಳೆ. ಕೆಲಸಕ್ಕೆ ಹೋಗುತ್ತಾಳೆಯೇ? ಹೋಗುತ್ತಾಳೆ, ಎಲ್ಲ ಮೊದಲಿನ ಹಾಗೆಯೇ ಇದೆ. ಚೆನ್ನಾಗಿ ಗುಣವಾದವರ ಜೊತೆಯಲ್ಲಿ ಜುಂಜಮ್ಮ ಸೇರಿಹೋದಳು. ಅವಳನ್ನು ಯಾರೂ ಕರೆಸಲಿಲ್ಲ.

ಶೆಡ್ಡಿಗೆ ಹೋಗುತ್ತಿದ್ದುದು ನಿಜ. ಅಲ್ಲಿ ಮತ್ತೆ ದಾರ ಕತ್ತರಿಸುವ ಚಾಪೆಯ ಮೇಲೆ ಕೂರುತ್ತಿದ್ದಳು. ಬಲಗೈಯಲ್ಲಿ ಕತ್ತರಿ, ಎಡಗೈ ಮಡಿಲಲ್ಲಿ. ಒಂದು ದಿನ ಊಟದ ಹೊತ್ತಿಗೆ ಎದ್ದು ಹೋಗಿ ಜಿಪ್ ಮಿಷನ್ನಿಗೆ ಕೂತಳು. ಸ್ವಲ್ಪ ದೂರ ಹೊಲಿಗೆ ನೆಟ್ಟಗೆ ಹೋಯಿತು. ಆಮೇಲೆ ನೀಲಿ ಬಟ್ಟೆಯ ಮೇಲೆ ಕಪ್ಪಗೆ ಏನೋ ಹರಡುತ್ತಿರುವುದು ಕಂಡು, ಎಣ್ಣೆ ಸೋರುತ್ತಿದೆ ಎಂದುಕೊಂಡಳು. ಸೋರುತ್ತಿದ್ದುದು ರಕ್ತ. ಸೂಜಿ ಎಡಗೈಯ ತೋರುಬೆರಳನ್ನು ತೂರಿಕೊಂಡು ಹೋಗಿತ್ತು. ಅವಳಿಗೆ ನೋವೇ ಆಗಿರಲಿಲ್ಲ.

ಚನ್ನಬಸವಯ್ಯ ಬೆರಳಿಗೆ ಬಟ್ಟೆ ಸುತ್ತಿ, ಇನ್ನು ಮಿಷನ್ ಹತ್ತಿರ ಸುಳಿಯಕೂಡದೆಂದು ಕಟ್ಟುನಿಟ್ಟಾಗಿ ಹೇಳಿದರು. ಅವರದು ತಪ್ಪಲ್ಲ. ಜುಂಜಮ್ಮ ಮನೆಗೆ ಬಂದವಳೇ ಬೆಂಗಳೂರಿಗೆ ಫೋನ್ ಮಾಡು ಎಂದಳು. ಸೂರಪ್ಪ ಹಿಂದೆ ಮುಂದೆ ನೋಡಿದ. ಆಸ್ಪತ್ರೆಯವರು ವಿಚಾರಿಸುತ್ತಲೇ ಇದ್ದರೆಂದೂ ತಾನು ಏನು ಹೇಳುತ್ತ ಬಂದಿದ್ದನೆಂದೂ ಹೊರಬಿತ್ತು.

"ನನ್ ಕೈ ಮೊದಲ್ನಂಗೈತೆ ಅಂತ ಹೇಳ್ದಾ? ಯಾರ್ ಕೈ ನೋಡಿ ಹೇಳ್ದೆ?"

ಅವನು ಕಾರಣ ಹೇಳಿದ. ಆಸ್ಪತ್ರೆಯ ಕಂಪ್ಯೂಟರಿನ ಮುಂದೆಯೇ ಹೂ ಕೇಳಿ ಆಗಿದೆ. ದೇವರು ಕೊಟ್ಟಾಗಿದೆ. ಕೊಟ್ಟ ಮೇಲೆ ಅದು ಸರಿಯಿಲ್ಲ, ಇದು ಸರಿಯಿಲ್ಲ ಎಂದು ಹೊರಗಿನವರ ಮುಂದೆ ಬಾಯಿಬಿಟ್ಟರೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಹಟ್ಟಿಯಲ್ಲಿ ಎಲ್ಲರೂ ಹಾಗೆಯೇ ನಡೆದುಕೊಳ್ಳುವುದು. ಯಂತ್ರದಲ್ಲಿ ಉಸಿರಾಡುತ್ತಿದ್ದವಳನ್ನು ಅವನು ನೋಡಿದ್ದ, ಅವಳು ನೋಡಿರಲಿಲ್ಲ. ಕೈ ಹೋದರೆ ಹೋಗಲಿ, ಹೆಂಡತಿ ಇರಲಿ ಎನ್ನುವುದು ಅವನ ಲೆಕ್ಕ. ಫೋನ್ ಕೊಡಲು ಅವನು ಒಪ್ಪಲಿಲ್ಲ.

ಜುಂಜಮ್ಮ ಫೋನು ಕಸಿದುಕೊಳ್ಳಬಹುದಿತ್ತು. ಹಾಗೆ ಮಾಡಿದ್ದರೆ ಮುಂದೆ ಅವಳಿಗೆ ಒಂದು ಜ್ವರ ಬಂದರೂ ಅವನು ಅದನ್ನು ಈ ಮಾತಿಗೇ ಹಚ್ಚುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಮರುದಿನ ಅವನನ್ನು ಕರೆದುಕೊಂಡು, ಬಸ್ಸು ಬದಲಿಸುತ್ತ, ಹಟ್ಟಿಗೆ ಹೋದಳು. ಜುಂಜಪ್ಪನ ಪೂಜಾರಿ ಕಾಟಪ್ಪ ಅವಳ ಸೋದರಮಾವ. ಇಳಿವಯಸ್ಸು, ಚುರುಕು ಬಾಯಿ. ಅವಳು ಅಳಲಿಲ್ಲ, ಹರಕೆ ಹೊರಲಿಲ್ಲ. ಗುಡಿಯ ಮುಂದೆ ಕೂತು ವಾದ ಹೂಡಿದಳು.

"ಮಾವ, ಇವನು ದೇವ್ರನ್ನ ಏನಂತ ಕೇಳ್ದ? ನಾನು ಉಳೀತೀನಾ ಅಂತ ತಾನೇ?"

ಹೌದು, ಅಷ್ಟೇ ಕೇಳಿದ್ದು ಎಂದ ಸೂರಪ್ಪ.

"ಉಳ್ದಿದೀನಿ. ಅದ್ರಾಗೆ ನಂದೇನೂ ತಕರಾರಿಲ್ಲ. ಕೈ ಮಾತು ನಾವು ಕೇಳೇ ಇಲ್ಲ. ಕೇಳ್ದೇ ಇದ್ದಿದ್ನ ಕೊಟ್ಟಿಲ್ಲ ಅಂದ್ರೆ ದೇವ್ರನ್ನ ಬೈದಂಗಾಯ್ತದಾ?"

ಕಾಟಪ್ಪ ತಂಗಿಯ ಮಗಳನ್ನೂ ಅಳಿಯನನ್ನೂ ನೋಡಿದ.

"ಏ ಸೂರ, ಕೇಳೋವಾಗ ಪೂರ್ತಿ ಕೇಳಾಕೆ ಬರಲ್ವೇನೋ ನಿಂಗೆ? ಆ ಕೈ ಡಾಕ್ಟ್ರ ಪಾಲಿಂದು. ಹೋಗಿ ತೋರ್ಸು."

ತ್ರಿವೇಣಿಗೆ ಆ ಫೋನು ಬಂದದ್ದು ಗುಡಿಯ ಹೊರಗಿನಿಂದಲೇ. ಗಂಡ ಹೇಳಿದ್ದನ್ನೆಲ್ಲ ಹೊಡೆದುಹಾಕಿ ತಾನು ಹೇಳುವುದನ್ನು ಬರೆದುಕೊಳ್ಳಬೇಕೆಂದು ಜುಂಜಮ್ಮ ಕೇಳಿದಳು. ಆಗದ ಕೆಲಸಗಳನ್ನು ಒಂದೊಂದಾಗಿ ಹೇಳಿದಳು: ಸೆರಗು ಸಿಕ್ಕಿಸಲು, ಮುದ್ದೆ ತೊಳಸಲು, ಎಡಗೈಯಲ್ಲಿ ಬಳೆ ಇದೆಯೋ ಒಡೆಯಿತೋ ನೋಡದೆ ತಿಳಿಯಲು. ಆ ವಾರವೇ ಅವಳನ್ನು ಕರೆಸಿದೆವು.

ಅವಳಿಗೆ ಹೇಳಿಕೊಟ್ಟ ಅಭ್ಯಾಸ ನೋಡುವವರಿಗೆ ವಿಚಿತ್ರ. ಸರಿಯಿರುವ ಕೈಯನ್ನು ದಿನದ ಕೆಲವು ಗಂಟೆ ಕಟ್ಟಿಹಾಕಿ, ಬಲಹೀನ ಕೈಯಿಂದಲೇ ಎಲ್ಲವನ್ನೂ ಮಾಡಿಸುವುದು. ಸರಿಯಿರುವ ಕೈ ಬಿಡುವಾಗಿದ್ದರೆ ಮನುಷ್ಯ ಇನ್ನೊಂದನ್ನು ಬಳಸುವುದನ್ನೇ ಬಿಡುತ್ತಾನೆ. ಮೊದಲ ತಿಂಗಳುಗಳಲ್ಲಿ ಇದನ್ನು ಶುರು ಮಾಡಿದ್ದರೆ ಹೆಚ್ಚು ಫಲ ಸಿಗುತ್ತಿತ್ತು ಎಂದು ಅವಳಿಗೆ ಹೇಳಿದೆ. ಆ ತಿಂಗಳುಗಳು ಮತ್ತೆ ಬರುತ್ತವೆಯೇ ಎಂದು ಕೇಳಿದಳು. ಬರುವುದಿಲ್ಲ ಎಂದೆ. ಹಾಗಾದರೆ ಆ ಮಾತು ಬಿಡಿ, ಮುಂದಿನದು ಹೇಳಿ ಎಂದಳು.

ರಾಯದುರ್ಗಕ್ಕೆ ಹಿಂದಿರುಗಿ, ಜೀನ್ಸ್ ಬಟ್ಟೆಯಿಂದ ಒಂದು ಚೀಲ ಹೊಲಿಸಿಕೊಂಡು ಬಲಗೈಯನ್ನು ಅದರೊಳಗೆ ಕಟ್ಟಿಸಿಕೊಂಡಳು. ಕಟ್ಟುವುದು ಬಿಚ್ಚುವುದು ಸೂರಪ್ಪನ ಕೆಲಸ. ಎಡಗೈಯಿಂದ ಗುಂಡಿ ಹೆಕ್ಕುವಳು, ಬೀಳಿಸುವಳು, ಮತ್ತೆ ಹೆಕ್ಕುವಳು. ಅನ್ನ ಅರ್ಧ ನೆಲದ ಪಾಲಾಗುತ್ತಿತ್ತು. ಎಡಗೈಯಲ್ಲಿ ಉಣ್ಣುವುದನ್ನು ಕಂಡು ಅಕ್ಕಪಕ್ಕದವರು ಮುಖ ಸಿಂಡರಿಸಿದಾಗ, ನೋಡಲು ಆಗದಿದ್ದರೆ ಆ ಕಡೆ ತಿರುಗಿ ಉಣ್ಣಿ ಎಂದಳು. ಶೆಡ್ಡಿನಲ್ಲಿ ಚನ್ನಬಸವಯ್ಯನವರಿಗೂ ಸುಮ್ಮನಿರಲಾಗಲಿಲ್ಲ.

"ಯಾಕವ್ವ ಜುಂಜಮ್ಮ, ದುಡಿಯೋ ಕೈ ಕಟ್ಟಿಹಾಕಿ, ಮಲಗಿರೋದನ್ನ ಎಬ್ಬಸ್ತೀಯಲ್ಲ. ಆ ಡಾಕ್ಟ್ರ ತಲಿ ನೆಟ್ಟಗೈತೇನು?"

"ಅವ್ರ ತಲೆ ಅವ್ರು ನೋಡ್ಕಂತಾರೆ ಸಾವ್ಕಾರ್ರೇ. ನೀವು ಊಟದೊತ್ತಿಗೆ ಒಂದು ಮಿಷನ್ ಬಿಟ್ಕೊಡಿ, ಸಾಕು."

ಬಿಟ್ಟುಕೊಟ್ಟರು. ಮೊದಲು ಕರೆಂಟ್ ಇಲ್ಲದೆ, ಚಕ್ರವನ್ನು ಕೈಯಿಂದ ತಿರುಗಿಸುತ್ತ, ಸೂಜಿ ಬೀಳುವ ಜಾಗವನ್ನು ಕಣ್ಣಿನಿಂದ ನೋಡುತ್ತ ಕಲಿಯಬೇಕು ಎಂಬ ಷರತ್ತಿನ ಮೇಲೆ.

ವರ್ಷದ ಕೊನೆಯ ವಿಚಾರಣೆಗೆ ತ್ರಿವೇಣಿ ತಾನೇ ರಾಯದುರ್ಗಕ್ಕೆ ಹೋದಳು. ಅಷ್ಟರಲ್ಲಿ ನಾವು ಫೋನಿನಲ್ಲಿ ಹೇಗಿದ್ದಾರೆಂದು ಕೇಳುವುದನ್ನು ಬಿಟ್ಟು ಮನೆಗಳಿಗೆ ಹೋಗಲು ಶುರು ಮಾಡಿದ್ದೆವು. ಆ ಸೀಮೆಯಲ್ಲಿ ಚೆನ್ನಾಗಿದ್ದಾರೆ ಎನಿಸಿಕೊಂಡಿದ್ದ ಇನ್ನೂ ಕೆಲವರು ಚೆನ್ನಾಗಿರಲಿಲ್ಲ. ತ್ರಿವೇಣಿ ಹೋದಾಗ ಜುಂಜಮ್ಮ ಮಿಷನ್ನಿನ ಮುಂದೆ ಕೂತು ಪ್ಯಾಂಟಿನ ಹಿಂಬದಿಯ ಜೇಬು ಹೊಲಿಯುತ್ತಿದ್ದಳು. ನಿಧಾನ, ಆದರೆ ನೆಟ್ಟಗೆ. ತ್ರಿವೇಣಿಗೆ ಖುಷಿಯಾಯಿತು. ಹಿಂದಿನ ಕೆಲಸಕ್ಕೆ ಮರಳಿದ್ದಾಳೆ ಎಂದು ಬರೆಯಲೇ ಎಂದು ಕೇಳಿದಳು.

"ಬ್ಯಾಡ. ಜೇಬು ಹಾಕೋರು ಊರ್ ತುಂಬ ಅವ್ರೆ. ನನ್ ಕೆಲ್ಸ ಜಿಪ್ಪು. ಇನ್ನೂ ಬಂದಿಲ್ಲ ಅಂತ ಬರಿ."

ಸೂರಪ್ಪ ಬೇಲು ಇಳಿಸಿ ಬಂದು ಬಾಗಿಲಲ್ಲಿ ನಿಂತಿದ್ದ.

"ಜಡೆ ಹಾಕ್ಕಳಾಕೂ ಆಗಕಿಲ್ಲ ಅವಳಿಗೆ. ನಾನೇ ಹಾಕ್ತೀನಿ. ಅದ್ನೂ ಬರ್ಕಳವ್ವ" ಎಂದ.

ಶೆಡ್ಡಿನ ಹೆಂಗಸರು ನಕ್ಕರು. ಜುಂಜಮ್ಮ, ಹಾಕಿದ್ದು ಸೊಟ್ಟಗಿರುತ್ತದೆ ಎಂದು ಸೇರಿಸಿದಳು. ತ್ರಿವೇಣಿ ಎರಡನ್ನೂ ಬರೆದುಕೊಂಡಳು.

ಮರುವರ್ಷ ಜುಂಜಮ್ಮ ಜಿಪ್ಪಿಗೆ ಕೂತಳು. ಮೊದಮೊದಲು ಸೊಟ್ಟಗಾದವನ್ನು ಚನ್ನಬಸವಯ್ಯ ವಾಪಸು ಎಸೆಯುತ್ತಿದ್ದರು. ಅವಳು ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಬೆರಳಿಗೆ ಸ್ಪರ್ಶ ಪೂರ್ತಿ ಬಂದಿಲ್ಲ. ಸೂಜಿಯನ್ನು ಕಣ್ಣಿನಿಂದಲೇ ಕಾಯಬೇಕು, ಮಾತನಾಡುತ್ತ ಹೊಲಿಯುವಂತಿಲ್ಲ. ವೇಗ ಹಿಂದಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕೇಳಿದವರಿಗೆ ಅವಳೂ ಅಷ್ಟನ್ನೇ ಹೇಳುತ್ತಾಳೆ. ನಮ್ಮ ಅಧ್ಯಯನದ ಗಡುವು ಒಂದು ವರ್ಷವಾಗಿದ್ದರಿಂದ ಈ ಜಿಪ್ಪುಗಳು ಅದರಲ್ಲಿ ಸೇರಿಲ್ಲ.