ಅದೇ ಮನೆಯಲ್ಲಿರುವ ಹಕ್ಕು

ಗಂಡ ನನ್ನ ಎಡಗೈ ಮುರಿದ ಮಧ್ಯಾಹ್ನ ಬನಹಟ್ಟಿಯಲ್ಲಿ ಕರೆಂಟ್ ಇರಲಿಲ್ಲ. ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ನಾನು ಕೂಗಿದ್ದು ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳಿಸಿತು. ಎದುರು ಮನೆಯಾಕೆ ಹೊಸ್ತಿಲಿಗೆ ಬಂದು ನೋಡಿ, ಬಾಗಿಲು ಮುಚ್ಚಿಕೊಂಡಳು. ತವರೂರು ಬೀಳಗಿಗೆ ಹೋದವಳು ಹೇಳಿದ್ದಕ್ಕಿಂತ ತಡವಾಗಿ ಮರಳಿದ್ದೆ. ಅವನಿಗೆ ಅಷ್ಟು ಸಾಕಾಗಿತ್ತು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ಸಮಾಜದ ಹಿರಿಯರು ನಮ್ಮಿಬ್ಬರನ್ನೂ ಗುಡಿಗೆ ಕರೆಸಿದರು. ಅವರ ಸಾಲಿನಲ್ಲೇ ನನ್ನ ಮಾವನೂ ಕೂತಿದ್ದ. ನಡೆದದ್ದನ್ನು ಹೇಳತೊಡಗಿದೆ. ಒಬ್ಬರು ಕೈಯೆತ್ತಿ ತಡೆದರು.

"ಆದದ್ದು ಆಗಿ ಹೋತು ತಂಗಿ. ಇನ್ನ ಮ್ಯಾಲ ಕೈ ಎತ್ತೂದಿಲ್ಲಂತ ಅಂವ ದೇವ್ರ ಮುಂದ ಹೇಳ್ತಾನ. ನೀನೂ ಜರಾ ತಗ್ಗಿ ಬಗ್ಗಿ ನಡಿ."

ಅವನು ಹಾಗೆಯೇ ಹೇಳಿದ. ಅವನಿಗೆ ಶಲ್ಯ ಹೊದಿಸಿದರು, ನನಗೆ ಕುಪ್ಪಸದ ಖಣ ಕೊಟ್ಟರು. ಒಂದೇ ಕೈಯಲ್ಲಿ ಸೆರಗೊಡ್ಡಿ ತೆಗೆದುಕೊಂಡೆ. ಎಲ್ಲರೂ ಚಹಾ ಕುಡಿದು ಎದ್ದರು.

ಪ್ಲಾಸ್ಟರ್ ಬಿಚ್ಚುವ ಮೊದಲೇ ಮತ್ತೆ ಹೊಡೆದ. ಈ ಸಲ ಠಾಣೆಗೆ ಹೋದೆ. "ಹಿರ್ಯಾರು ಬಗಿಹರಿಸ್ಯಾರಂತಲ್ಲವಾ, ಮತ್ಯಾಕ ಬಂದಿ?" ಎಂದ ಪೊಲೀಸ, ಮಾವನಿಗೇ ಫೋನ್ ಮಾಡಿ ಕರೆದೊಯ್ಯಲು ಹೇಳಿದ.

ಕೊನೆಗೆ ನನ್ನನ್ನು ಬಸ್ಸು ಹತ್ತಿಸಿ ಜಮಖಂಡಿಯಲ್ಲಿರುವ ಮಹಿಳಾ ಮತ್ತು ಮಕ್ಕಳ ಇಲಾಖೆಯ ಕಚೇರಿಗೆ ಕರೆದುಕೊಂಡು ಹೋದವಳು ನಮ್ಮ ಅಂಗನವಾಡಿ ಟೀಚರ್. ಅಲ್ಲಿನ ಅಧಿಕಾರಿ ಹೆಣ್ಣುಮಗಳು. ಮೊದಲ ಬಾರಿಗೆ ಒಬ್ಬರು ನನ್ನ ಮಾತನ್ನು ಪೂರ್ತಿ ಕೇಳಿದರು. ಕೋರ್ಟಿಗೆ ವರದಿಯನ್ನೂ ಬರೆದರು. "ಒಬ್ಬರರೆ ಸಾಕ್ಷಿ ಹೇಳಿದ್ರ ಛಲೋ ಆಗ್ತೈತ್ರಿ," ಎಂದರು.

ಎದುರು ಮನೆಯಾಕೆಯನ್ನು ಕೇಳಿದೆ.

"ಮಗ್ಗದ ಸಪ್ಪಳದಾಗ ನನಗೇನೂ ಕೇಳ್ಲಿಲ್ಲ ಬೇ."

ಅಂದು ಕರೆಂಟೇ ಇರಲಿಲ್ಲ ಎಂದೆ. ಅವಳು ನೆಲ ನೋಡಿದಳು. "ನಾವೂ ಇದ ಓಣ್ಯಾಗ ಇರಬೇಕಲ್ಲ," ಎಂದಳು.

ಸಾಕ್ಷಿಯಿಲ್ಲದೆಯೇ ಕೋರ್ಟಿಗೆ ಅಲೆದಲೆದ ಮೇಲೆ ಆದೇಶ ಬಂತು. ಅವನು ನನ್ನ ಮೇಲೆ ಕೈ ಮಾಡುವಂತಿಲ್ಲ, ನನ್ನನ್ನು ಆ ಮನೆಯಿಂದ ಹೊರಗೆ ಹಾಕುವಂತಿಲ್ಲ. ನನಗೆ ಬೇಕಿದ್ದದ್ದು ಆ ಮನೆಯಿಂದ ದೂರ ಒಂದು ಕೋಣೆ. ಬೀಳಗಿಯ ಅಣ್ಣ ಮೊದಲೇ ಹೇಳಿದ್ದ: "ಹಬ್ಬಕ್ಕ ಬಾ. ಇರಾಕ ಬರಬ್ಯಾಡ."

ಹೀಗಾಗಿ, ಅಲ್ಲಿಯವರೆಗೆ ಟೀಚರ್ ಮನೆಯಲ್ಲಿದ್ದ ನಾನು, ಮಹಿಳಾ ಪೇದೆಯೊಬ್ಬಳ ಜೊತೆ ಅದೇ ಮನೆಗೆ ಹೋದೆ. ಅತ್ತೆ ಅಡುಗೆಮನೆಗೆ ಬೀಗ ಜಡಿದು, ನೂಲು ಇಡುತ್ತಿದ್ದ ಹಿಂದಿನ ಕೋಣೆ ತೆರೆದುಕೊಟ್ಟಳು. ಆದೇಶ ಜಾರಿಯಾಯಿತು ಎಂದು ಪೇದೆ ಹೊರಟುಹೋದಳು.

ಈಗಲೂ ಅಲ್ಲೇ ಇದ್ದೇನೆ. ಬೇರೆಯವರ ಮಗ್ಗಕ್ಕೆ ನೂಲು ಸುತ್ತಿಕೊಟ್ಟು, ಕೋಣೆಯ ಮೂಲೆಯಲ್ಲೇ ರೊಟ್ಟಿ ಬಡಿಯುತ್ತೇನೆ. ಅವನು ಹೊಡೆಯುವುದಿಲ್ಲ; ಅಂಗಳದಲ್ಲಿ ನಾನು ನಿಂತಿದ್ದರೂ ಯಾರೂ ಇಲ್ಲವೆಂಬಂತೆ ದಾಟಿ ಹೋಗುತ್ತಾನೆ. ಅರಿಶಿನ ಕುಂಕುಮಕ್ಕೆ ಓಣಿಯಲ್ಲಿ ನನಗೆ ಕರೆಯಿಲ್ಲ. ಗಂಡನನ್ನು ಕೋರ್ಟಿಗೆ ಎಳೆದವಳು ಎಂಬುದೇ ಈಗ ನನ್ನ ಗುರುತು. ಅವನು ಮಾಡಿದ್ದಕ್ಕೆ ಅಂಥ ಗುರುತೇನೂ ಅವನಿಗೆ ಅಂಟಲಿಲ್ಲ.

ಹೋದ ವರ್ಷ ಮುಧೋಳದಲ್ಲಿ ಮಹಿಳೆಯರಿಗೆ ಕಾನೂನಿನ ತಿಳಿವಳಿಕೆ ಕೊಡುವ ಕಾರ್ಯಕ್ರಮವಿತ್ತು. ನ್ಯಾಯ ಸಿಕ್ಕವಳೆಂದು ನನ್ನನ್ನೂ ಮಾತನಾಡಲು ಕರೆದರು. ಕೋರ್ಟಿನ ಆದೇಶ ಬಂದಲ್ಲಿಗೆ ಮಾತು ಮುಗಿಸಿದೆ. ಅದಕ್ಕೆ ಚಪ್ಪಾಳೆ ಬಿತ್ತು. ಕೆಳಗಿಳಿದಾಗ ಸಮೀರವಾಡಿ ಕಡೆಯ ಹುಡುಗಿಯೊಬ್ಬಳು ಹತ್ತಿರ ಬಂದಳು. ತುಟಿ ಬಾತಿತ್ತು.

"ಈಗ ಆರಾಮ ಅದೀರೇನ್ರಿ ಅಕ್ಕಾ?"

ಸುಳ್ಳು ಹೇಳಲಾಗಲಿಲ್ಲ. ಕೋಣೆಯ ಬಗ್ಗೆ, ಬೀಗದ ಬಗ್ಗೆ, ಓಣಿಯ ಬಗ್ಗೆ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಆದ್ರ ಹೊಡಿಯೂದಿಲ್ಲಲ್ರಿ?" ಎಂದಳು.

"ಇಲ್ಲ."

"ನನಗ ಅಷ್ಟಾದ್ರ ಸಾಕ್ರಿ."

ಜಮಖಂಡಿ ಬಸ್ ಸ್ಟ್ಯಾಂಡಿನಿಂದ ಆ ಕಚೇರಿಗೆ ಹೇಗೆ ಹೋಗಬೇಕೆಂದು ಅವಳಿಗೆ ಹೇಳಿಕೊಟ್ಟೆ.