ದೊರೆಗೊಂದು ಬಾಗಿಲು

ನನ್ನ ಅಕ್ಕ ಎದುರಿಗೆ ಯಾರು ಬಂದು ನಿಂತರೂ ಮೊದಲು ಮುಖ ನೋಡುವುದಿಲ್ಲ, ಹೆಗಲು ನೋಡುತ್ತಾಳೆ. ಎಡ ಹೆಗಲು ಇಳಿದಿದೆಯೋ, ಬೆನ್ನು ಬಾಗಿದೆಯೋ, ಹೊಟ್ಟೆ ಕಳೆದ ಸಲಕ್ಕಿಂತ ಮುಂದೆ ಬಂದಿದೆಯೋ ಎಂದು ಕಣ್ಣಲ್ಲೇ ಅಳೆದು ಮುಗಿಸಿದ ಮೇಲೆ "ಬನ್ನಿ, ಕೂತ್ಕೊಳ್ಳಿ" ಅನ್ನುತ್ತಾಳೆ. ಬಟ್ಟೆ ಹೊಲಿಯುತ್ತಲೇ ಅವಳ ತಲೆ ನರೆತಿದೆ. ಮನೆಯ ಹಿಂದಿನ ಕೋಣೆಯೇ ಅವಳ ಅಂಗಡಿ. ಅಲ್ಲಿ ಹಿತ್ತಲಿನ ಕಡೆಗೆ ನೆಲದಿಂದ ಚಾವಣಿಯವರೆಗೆ ಸರಿಯುವ ಗಾಜಿನ ಬಾಗಿಲಿದೆ. ಸೂಜಿಗೆ ದಾರ ಪೋಣಿಸಲು ಬೆಳಕು ಬೇಕೇ ಬೇಕು ಎಂದು ಅಕ್ಕನೇ ಹಟ ಹಿಡಿದು ಇಡಿಸಿದ ಬಾಗಿಲು ಅದು. ನಾನು ಅದೇ ಬೀದಿಯಲ್ಲಿರುವ ತಂಗಿ. ದಿನವೂ ಬಂದು ಗುಂಡಿ ಹಾಕುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ನನ್ನ ಪಾಲಿನ ಕೆಲಸ. ನಡುನಡುವೆ ಬೈಸಿಕೊಳ್ಳುವುದೂ ನನ್ನ ಪಾಲಿನದೇ.

ಭಾವ ಹೊಲಿಗೆ ಮಿಷನ್ನು ರಿಪೇರಿ ಮಾಡುವವರು. ಅಕ್ಕನ ಮಿಷನ್ನು ಕೆಟ್ಟಾಗ ಮೊದಲ ಸಲ ನಮ್ಮ ಮನೆಗೆ ಬಂದರು. ರಿಪೇರಿ ಮುಗಿದ ಮೇಲೂ ಏನೋ ಒಂದು ನೆಪ ಹೇಳಿಕೊಂಡು ಬರುತ್ತಲೇ ಇದ್ದರು. ಮಿಷನ್ನಿಗೆ ಅಷ್ಟೊಂದು ಎಣ್ಣೆ ಯಾಕೆ ಬೇಕು ಎಂದು ನಮ್ಮಪ್ಪ ಕೇಳಿದ ದಿನ ಮದುವೆಯ ಮಾತು ಬಂತು. ಭಾವನ ಕಿವಿ ಎಂಥದ್ದೆಂದರೆ ಪಕ್ಕದ ಕೋಣೆಯಲ್ಲಿ ಊಟಕ್ಕೆ ಕೂತಿದ್ದರೂ ಸದ್ದು ಕೇಳಿಯೇ "ಬೆಲ್ಟು ಸಡಿಲ ಆಗಿದೆ ನೋಡು" ಅನ್ನುತ್ತಿದ್ದರು. ಸಾಧು ಮನುಷ್ಯ. ಅವರಿಗೆ ಮೈ ಉರಿಯುತ್ತಿದ್ದದ್ದು ಒಂದೇ ಒಂದಕ್ಕೆ: ಸೂಜಿಯ ಕೆಳಗೆ ಬಟ್ಟೆ ಇಡದೆ ಯಾರಾದರೂ ಮಿಷನ್ನು ತುಳಿದರೆ. ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಸಣ್ಣ ಹಲ್ಲುಗಳು ಕೆಳಗಿರುತ್ತವಲ್ಲ, ಬಟ್ಟೆ ಇಲ್ಲದಿದ್ದರೆ ಅವು ಬರೀ ಕಬ್ಬಿಣಕ್ಕೆ ಉಜ್ಜಿ ಸವೆದುಹೋಗುತ್ತವೆ. ಆಟಕ್ಕೆಂದು ತುಳಿದ ನಮ್ಮ ಮನೆಯ ಮಕ್ಕಳೆಲ್ಲ ಭಾವನ ಕೈಯಲ್ಲಿ ಬೈಸಿಕೊಂಡವರೇ.

ಹೋದ ವರ್ಷ ಭಾವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸೋತಿತು, ಬಲಗಾಲು ಎಳೆಯುವಂತಾಯಿತು, ಮಾತು ಒಂದೊಂದೇ ಪದಕ್ಕೆ ಬಂದು ನಿಂತಿತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು, "ದಿನಾ ಎದ್ದು ಓಡಾಡ್ಲಿ. ಒಂದ್ಸಲ ಹಾಸಿಗೆ ಹಿಡಿದ್ರೆ ಮತ್ತೆ ಎಬ್ಬಿಸೋದು ಕಷ್ಟ" ಅಂದರು. ಆ ಮಾತು ಅಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಬೆಳಿಗ್ಗೆ ಗೋಗರೆಯುವಳು, ಸಂಜೆ ಗದರುವಳು. ಭಾವ ಮಾತ್ರ ಕುರ್ಚಿಯಲ್ಲಿ ಕೂತು ಹಿತ್ತಲು ನೋಡುತ್ತ ಕಿವುಡರ ಹಾಗೆ ಇದ್ದುಬಿಡುವರು. ಹಿಂದೆಲ್ಲ ಒಂದು ಸ್ಕ್ರೂ ಬಿದ್ದರೂ ಕೇಳಿಸುತ್ತಿದ್ದ ಕಿವಿ ಅದು.

ಅವರು ಏಳುತ್ತಿದ್ದದ್ದು ದೊರೆಗಾಗಿ ಮಾತ್ರ. ದೊರೆ ಎಂದರೆ ಮನೆಯ ನಾಯಿ. ಗಿಡ್ಡ ಕಾಲು, ಅಗಲ ಎದೆ, ಕಂದು ಮೈ. ಯಾವ ಬಾಗಿಲನ್ನೂ ತಾನಾಗಿ ತಳ್ಳಿ ಗೊತ್ತಿಲ್ಲ, ಯಾರಾದರೂ ತೆಗೆದುಕೊಡಬೇಕು. ಅದಕ್ಕೇ ಆ ಹೆಸರು. ಗಾಜಿನ ಮುಂದೆ ನಿಂತು ಒಂದು ಸಲ ಕೆರೆದರೆ ಸಾಕು, ಭಾವ ಎಡಗೈಯಲ್ಲಿ ವಾಕರ್ ಎಳೆದುಕೊಂಡು ಏಳುವರು. ಟಕ್, ಟಕ್ ಎಂದು ಬಾಗಿಲವರೆಗೆ ಹೋಗಿ ಸರಿಸಿ, ಅವನು ಹೊರಬಿದ್ದ ಮೇಲೆ ಮುಚ್ಚುವರು. ದೊರೆ ಹೊರಗೆ ಹೋಗಿ ಒಂದು ಗಿಡ ಮೂಸಿ, ಇನ್ನೊಂದು ಗಿಡ ಒದ್ದೆ ಮಾಡಿ, ಇವರು ಕುರ್ಚಿಗೆ ಬೆನ್ನು ಕೊಡುವ ಹೊತ್ತಿಗೆ ಸರಿಯಾಗಿ ಹೊರಗಿನಿಂದ ಕೆರೆಯುವನು. ಮತ್ತೆ ಟಕ್, ಟಕ್. ವಾಕರಿನ ಕಾಲಿಗೆ ಹಾಕಿದ ರಬ್ಬರು ನೆಲದ ಮೇಲೆ ಕಪ್ಪು ಗೆರೆ ಮೂಡಿಸುತ್ತಿತ್ತು. ಸಂಜೆ ಅಂಗಡಿ ಮುಚ್ಚಿದ ಮೇಲೆ ಅಕ್ಕ ಒದ್ದೆ ಬಟ್ಟೆ ಹಿಡಿದು, ಕುರ್ಚಿಯಿಂದ ಬಾಗಿಲವರೆಗೆ ಗೊಣಗುತ್ತ ಅದನ್ನು ಒರೆಸುವಳು.

ಒಂದು ಮಧ್ಯಾಹ್ನ ಬಾಗಿಲು ಸರಿಯುವ ಹಳಿಗೆ ವಾಕರಿನ ಕಾಲು ಸಿಕ್ಕಿಕೊಂಡಿತು. ಭಾವ ಮುಂದಕ್ಕೆ ವಾಲಿದರು. ಹಣೆ ಗಾಜಿಗೆ ಬಡಿಯಿತು. ಗಾಜಿಗೂ ಏನಾಗಲಿಲ್ಲ, ಭಾವನಿಗೂ ಸಣ್ಣ ಬುಗುಟು ಎದ್ದದ್ದು ಬಿಟ್ಟರೆ ಏನಾಗಲಿಲ್ಲ. ಅಕ್ಕನಿಗೆ ಮಾತ್ರ ಜೀವ ಬಾಯಿಗೆ ಬಂದಿತ್ತು.

"ಇನ್ನು ನೀವು ಏಳೋದೇ ಬೇಡ," ಅಂದಳು, ಭಾವನ ಹಣೆ ಒತ್ತುತ್ತ. "ಆ ದೊರೆಗೆ ಅವನದ್ದೇ ಒಂದು ಬಾಗಿಲು ಮಾಡಿಸ್ತೀನಿ. ಹೋಗ್ಲಿ, ಬರ್ಲಿ, ಏನಾದ್ರೂ ಮಾಡ್ಕೊಳ್ಲಿ. ನಿಮ್ಮನ್ನ ಬೆಳಿಗ್ಗೆ ಸಂಜೆ ನಾನೇ ಕೈ ಹಿಡಿದು ನಡೆಸ್ತೀನಿ."

ಗಾಜಿನ ಅಂಗಡಿಯವನು ಬಂದು ಬಾಗಿಲನ್ನು ಬೆರಳಲ್ಲಿ ತಟ್ಟಿ ನೋಡಿದ. "ಇದು ಕಾಯಿಸಿ ಗಟ್ಟಿ ಮಾಡಿದ ಗಾಜು ಅಮ್ಮ. ಕೊರೆಯೋಕೆ ಹೋದ್ರೆ ಪುಡಿಪುಡಿ ಆಗುತ್ತೆ," ಅಂದ. ಅದರ ಬದಲು ಬಾಗಿಲಿನಷ್ಟೇ ಎತ್ತರದ, ಕಿರಿದಾದ ಒಂದು ಅಲ್ಯೂಮಿನಿಯಂ ಚೌಕಟ್ಟು ಸಿಗುತ್ತದಂತೆ. ಅದನ್ನು ಹಳಿಯ ಮೇಲೆ ಗೋಡೆಗೆ ಒತ್ತಿ ನಿಲ್ಲಿಸಿದರೆ ಆಯಿತು. ಮೇಲೆಲ್ಲ ಗಾಜು, ಬುಡದಲ್ಲಿ ನಾಯಿ ತಲೆಯಿಂದ ತಳ್ಳಿಕೊಂಡು ಹೋಗುವಂಥ ಮೆತ್ತನೆಯ ಪರದೆ. ಬೇಡವಾದಾಗ ಪರದೆಯನ್ನು ಮುಚ್ಚಿಡಲು ಒಂದು ಹಲಗೆ. ದೊಡ್ಡ ಬಾಗಿಲು ಗೋಡೆಯ ಬದಲು ಈ ಚೌಕಟ್ಟಿಗೆ ಬಂದು ಕೂರುತ್ತದೆ. ಹಳೆಯ ಚಿಲಕ ಎಟುಕುವುದಿಲ್ಲ, ಬೇರೆ ಹಾಕಬೇಕು. ಅಕ್ಕ ಎಲ್ಲ ಕೇಳಿಸಿಕೊಂಡು, ದಾರಿ ಕಿರಿದಾಗುತ್ತದಲ್ಲ ಎಂದು ಕೂಡಲೇ ವಾಕರಿನ ಅಗಲ ಅಳೆದಳು. ಆಮೇಲೆ ನನ್ನ ಸೊಂಟವನ್ನೂ ಅಳೆದಳು. ಯಾಕೆ ಅಂತ ಕೇಳಿದ್ದಕ್ಕೆ "ನೀನೂ ಹೋಗಿ ಬರಬೇಕಲ್ಲ" ಅಂದಳು.

ನಾಯಿಯ ಅಳತೆಯನ್ನು ಫೋನಿನಲ್ಲಿ ತಿಳಿಸಿ ಎಂದು ಹೇಳಿ ಅಂಗಡಿಯವನು ಹೋದ. ಅಕ್ಕ ಟೇಪು ಕೊರಳಿಗೆ ಹಾಕಿಕೊಂಡು ನೆಲದ ಮೇಲೆ ಕೂತಳು. ದೊರೆಯನ್ನು ನೆಟ್ಟಗೆ ನಿಲ್ಲಿಸಿ, "ಉಸಿರು ಬಿಗಿ ಹಿಡೀಬೇಡ" ಎಂದು ಗಿರಾಕಿಗಳಿಗೆ ಹೇಳುವ ಹಾಗೆಯೇ ಹೇಳಿ, ಎತ್ತರ ತೆಗೆದುಕೊಂಡಳು, ಎದೆ ತೆಗೆದುಕೊಂಡಳು, ಒಗೆದ ಮೇಲೆ ಕುಗ್ಗುವುದಕ್ಕೆಂದು ಬಿಡುವಷ್ಟು ಸಡಿಲವನ್ನೂ ಸೇರಿಸಿದಳು. ನಾಯಿಯನ್ನೇನು ಒಗೆದು ಹಿಂಡುತ್ತೀಯಾ ಎಂದು ಕೇಳಿದೆ. ಅವಳು ಆಗಲೇ ಅಂಗಡಿಯವನಿಗೆ ಫೋನು ಮಾಡಿ ಅಳತೆ ಹೇಳತೊಡಗಿದ್ದಳು.

ಚೌಕಟ್ಟು ಬಂದಾಗ ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನಿಂತೆವು. ಅದರ ಕಿಂಡಿಯಲ್ಲಿ ನಾನೇ ತೂರಬಹುದಿತ್ತು. ಅಂಗಡಿಯವನು ದೊರೆಯನ್ನು ನೋಡಿದ, ಕಿಂಡಿಯನ್ನು ನೋಡಿದ. "ಅಮ್ಮ, ನಾನು ನೀವು ಕರು ಸಾಕಿದ್ದೀರಿ ಅಂದ್ಕೊಂಡೆ," ಅಂದ. ಆಗಿದ್ದಿಷ್ಟೇ: ಅವನು ಎದೆಯ ಅಗಲ ಕೇಳಿದ್ದ, ಅಕ್ಕ ಎದೆಯ ಸುತ್ತಳತೆ ಕೊಟ್ಟಿದ್ದಳು. ಇಷ್ಟು ವರ್ಷ ಬಟ್ಟೆ ಹೊಲಿದವಳಿಗೆ ಎದೆ ಎಂದರೆ ಟೇಪು ಒಂದು ಸುತ್ತು ಬರಲೇಬೇಕು. ಕುರ್ಚಿಯಿಂದ ಕುಲುಕುಲು ಸದ್ದು ಬಂತು. ತಿರುಗಿ ನೋಡಿದರೆ ಭಾವ ನಗುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು. ಅಕ್ಕ ಸಿಟ್ಟು ಮಾಡಿಕೊಳ್ಳಬೇಕೋ ಬೇಡವೋ ತಿಳಿಯದೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಸರಿಯಾದ ಚೌಕಟ್ಟು ಬಂದ ದಿನ ಕೂರಿಸಲು ಅಂಗಡಿಯವನಿಗೆ ಬಿಡುವಿರಲಿಲ್ಲ. ಅಕ್ಕನಿಗೆ ಕಾಯುವ ತಾಳ್ಮೆ ಇರಲಿಲ್ಲ. ನಾವಿಬ್ಬರೇ ಎತ್ತಿ ನಿಲ್ಲಿಸಿ ಕೆಳಗಿನ ಹಳಿಗೆ ಕೂರಿಸಿದರೆ ಮೇಲೆ ತಾಗದು. ಓರೆ ಮಾಡಿದರೆ ಕೆಳಗೆ ಜಾರುವುದು. ಅಕ್ಕ ನನ್ನನ್ನು ಬೈದಳು, ನಾನು ಚೌಕಟ್ಟನ್ನು ಬೈದೆ.

"ಮೊದಲು... ಮೇಲೆ," ಅಂದರು ಭಾವ ಕುರ್ಚಿಯಿಂದ. "ಸ್ಪ್ರಿಂಗು. ಒತ್ತು."

ಮೇಲಿನ ಹಳಿಗೆ ತೂರಿಸಿ ಒತ್ತಿದೆವು. ಸ್ಪ್ರಿಂಗು ಒಳಗೆ ಹೋಯಿತು, ಬುಡ ಕೆಳಗಿನ ಹಳಿಗೆ ಇಳಿದು ಕೂತಿತು. ಸಂದಿಗೆ ಅಂಟುವ ಸ್ಪಂಜಿನ ಪಟ್ಟಿ ಹಾಕಿ, ಹೊಸ ಚಿಲಕದ ಸ್ಕ್ರೂ ಬಿಗಿಯುವವರೆಗೂ ಭಾವ ಒಂದೊಂದೇ ಪದದಲ್ಲಿ ಮೇಸ್ತ್ರಿಕೆ ಮಾಡಿದರು.

ದೊರೆ ಮಾತ್ರ ಪರದೆಯ ಮುಂದೆ ಕೂತು, ಯಾರು ತೆಗೆಯುತ್ತೀರಿ ಎಂದು ನಮ್ಮ ಮುಖ ನೋಡಿದ. ಅಕ್ಕ ಅವನಿಗೂ ತನ್ನ ಕಸುಬಿನಲ್ಲೇ ಪಾಠ ಮಾಡಿದಳು. ಪರದೆಯನ್ನು ಮೇಲಕ್ಕೆತ್ತಿ ಕಟ್ಟಿ, ಅದರ ಜಾಗದಲ್ಲಿ ಮೊದಲು ತೆಳುವಾದ ಅಸ್ತರಿನ ಬಟ್ಟೆ ಇಳಿಬಿಟ್ಟಳು. ಆಚೆ ಬಿಸ್ಕತ್ತು ಹಿಡಿದು ಕರೆದಳು. ಅದಕ್ಕೆ ಹೊಂದಿಕೊಂಡ ಮೇಲೆ ಅಂಗಿಯ ಬಟ್ಟೆ, ಆಮೇಲೆ ದಪ್ಪ ಪ್ಯಾಂಟಿನ ಬಟ್ಟೆ, ಕೊನೆಗೆ ಪರದೆ. ವಾರ ಕಳೆಯುವುದರೊಳಗೆ ದೊರೆ ತಲೆಯಿಂದ ತಳ್ಳಿಕೊಂಡು ಅರಮನೆಗೆ ಹೋಗಿ ಬಂದ ಹಾಗೆ ಓಡಾಡತೊಡಗಿದ. ಅಕ್ಕ ನಡುವೆ ಏಳದೆ ಬಟ್ಟೆ ಹೊಲಿದು ಮುಗಿಸಿದಳು. ಕೆರೆಯುವ ಸದ್ದಿಲ್ಲ, ಟಕ್ ಟಕ್ ಇಲ್ಲ. ಮನೆಗೆ ಬಂದವರಿಗೆಲ್ಲ ಬಾಗಿಲು ತೋರಿಸಿ ಬೀಗಿದಳು.

ಕೈ ಹಿಡಿದು ನಡೆಸುವ ಮಾತು ಮೊದಲ ವಾರ ನಡೆಯಿತು. ಆಮೇಲೆ ಭಾವ "ನಾಳೆ" ಅನ್ನತೊಡಗಿದರು. ಅಕ್ಕನಿಗೂ ಕೆಲಸ ತಲೆಯ ಮೇಲಿತ್ತು. ಇಸ್ತ್ರಿ ಮಾಡಿದ ಅಂಗಿಗಳನ್ನು ನೇತುಹಾಕಲು ಜಾಗ ಸಾಲದೆ ವಾಕರಿಗೇ ನೇತುಹಾಕಿದೆವು. ಒಳ್ಳೆಯ ಸ್ಟ್ಯಾಂಡು ಆಯಿತು ಎಂದು ನಕ್ಕೆವು ಕೂಡ.

ಕೆಲಸದ ಭರ ಇಳಿದ ಮೇಲೆ ಒಂದು ಸಂಜೆ ಅಕ್ಕ ಹಳೆಯ ರೂಢಿಯಂತೆ ಒದ್ದೆ ಬಟ್ಟೆ ಹಿಂಡಿಕೊಂಡು ಬಂದು ನೆಲಕ್ಕೆ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ನಾನು ಸೂಜಿ ಡಬ್ಬಿ ಮುಚ್ಚಿ ನೋಡಿದರೆ ಅಲ್ಲೇ ಕೂತುಬಿಟ್ಟಿದ್ದಳು.

"ಏನಾಯ್ತಕ್ಕ?"

"ಒರೆಸೋಕೆ ಏನೂ ಇಲ್ಲ ಕಣೇ," ಅಂದಳು.

ಕುರ್ಚಿಯಿಂದ ಬಾಗಿಲವರೆಗೆ ನೆಲ ಫಳಫಳ ಹೊಳೆಯುತ್ತಿತ್ತು. ಒಂದೇ ಒಂದು ಕಪ್ಪು ಗೆರೆ ಇರಲಿಲ್ಲ. ಭಾವ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಮಲಗಿಸಲು ಎಬ್ಬಿಸಿದಾಗ ಅವರ ಬಲಗಾಲು ನೆಲಕ್ಕೆ ಊರಲೇ ಇಲ್ಲ. ನಾವಿಬ್ಬರೂ ಎರಡು ಪಕ್ಕ ಹಿಡಿದು ಹಾಸಿಗೆಗೆ ಸೇರಿಸಬೇಕಾಯಿತು. ಅಕ್ಕನ ಮುಖ ಸುಣ್ಣದ ಹಾಗಾಗಿತ್ತು. "ಬೀಳ್ತಾರೆ ಅಂತ ಹೆದರಿ ನಾನೇ ಕೂರಿಸಿಬಿಟ್ಟೆ," ಎಂದಳು. ಅವಳು ಅತ್ತಳು. ನನಗೂ ಅಳು ಬಂತು.

ಆದರೆ ಅಕ್ಕ ಅಳುತ್ತ ಕೂರುವ ಪೈಕಿ ಅಲ್ಲ. ಮಾರನೆಯ ದಿನವೇ ಗಾಜಿನ ಅಂಗಡಿಯವನನ್ನು ಕರೆಸಿ, ಹಳಿಯ ಎರಡೂ ಪಕ್ಕಕ್ಕೆ ರಬ್ಬರಿನ ಇಳಿಜಾರು ಪಟ್ಟಿ ಹಾಕಿಸಿದಳು. ಕೈಗೆ ಎಟುಕುವಲ್ಲಿ ಗೋಡೆಗೆ ಒಂದು ಹಿಡಿಕೆ ಹೊಡೆಸಿದಳು. ವಾಕರ್ ಮೇಲಿನ ಅಂಗಿಗಳನ್ನೆಲ್ಲ ತೆಗೆದು ನನ್ನ ಮಡಿಲಿಗೆ ಹಾಕಿದಳು. ಅಂಗಡಿಯವನು ಹೋದ ಮೇಲೆ, ನಾನು ಭಾವನಿಗೆ ಮುಖ ತೊಳೆಸಿ, ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸುವ ಮೊದಲೇ, ದೊರೆಯ ಕಿಂಡಿಗೆ ಹಲಗೆ ಇಳಿಸಿ ಮುಚ್ಚಿಬಿಟ್ಟಳು.

ದೊರೆ ಹೋಗಿ ಹಲಗೆಗೆ ತಲೆ ಕೊಟ್ಟ. ಅದು ಅಲುಗಲಿಲ್ಲ. ಹಿಂದೆ ಸರಿದು ನೋಡಿ, ಗಾಜಿನ ಮುಂದೆ ನಿಂತು ಕೆರೆದ.

"ಇವಳೇ," ಅಂದರು ಭಾವ. "ಬಾಗಿಲು."

"ಅದು ಕೆಟ್ಟುಹೋಗಿದೆ ರೀ. ನನಗೆ ಒಂಚೂರೂ ಕೈ ಬಿಡುವಿಲ್ಲ," ಎಂದು ಅಕ್ಕ ತಿರುಗದೆಯೇ ಹೇಳಿ ಮಿಷನ್ನು ತುಳಿಯತೊಡಗಿದಳು.

ಭಾವ ನನ್ನನ್ನು ನೋಡಿದರು. ನಾನು ಗುಂಡಿಯನ್ನೇ ನೋಡಿದೆ. ದೊರೆ ಮತ್ತೆ ಕೆರೆದ, ಕುಂಯ್ ಅಂದ. ಕುರ್ಚಿ ಕಿರುಗುಟ್ಟಿತು. ವಾಕರ್ ಎಳೆದ ಸದ್ದು ಕೇಳಿಸಿತು. ಭಾವ ಒಮ್ಮೆ ಎದ್ದು ಕುಸಿದು ಕೂತರು. ನಾನು ಏಳಹೋದೆ, ಅಕ್ಕ ಕಣ್ಣಲ್ಲೇ ಗದರಿದಳು. ಅವಳ ಕೆನ್ನೆ ಒದ್ದೆಯಾಗಿತ್ತು, ಕಾಲು ಮಾತ್ರ ಗಡಗಡ ತುಳಿಯುತ್ತಿತ್ತು. ಭಾವ ಮತ್ತೆ ಎದ್ದರು. ಟಕ್. ತುಂಬ ಹೊತ್ತಿನ ಮೇಲೆ ಇನ್ನೊಂದು ಟಕ್. ಹಿಡಿಕೆ ಸಿಕ್ಕಿತು. ಬಾಗಿಲು ಸರಿಯಿತು. ದೊರೆ ಏನೂ ಆಗದವನ ಹಾಗೆ ಹೊರಗೆ ನಡೆದ. ಬಾಗಿಲು ಮತ್ತೆ ಮುಚ್ಚಿತು.

ಭಾವ ಕುರ್ಚಿಗೆ ಹೋಗಲಿಲ್ಲ. ಏದುಸಿರು ಬಿಡುತ್ತ ಬಂದು ಅಕ್ಕನ ಹಿಂದೆ ನಿಂತರು. ಅವಳು ತುಳಿಯುತ್ತಲೇ ಇದ್ದಳು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ, ಸೂಜಿಯಲ್ಲಿ ದಾರವೂ ಇರಲಿಲ್ಲ.

"ಬಟ್ಟೆ ಇಟ್ಕೊಂಡು... ತುಳಿ," ಅಂದರು ಭಾವ. "ಹಲ್ಲು ಸವೆಯುತ್ತೆ."

ಅಕ್ಕನ ಕಾಲು ನಿಂತಿತು.

"ನಾಳೆನೂ... ತುಳೀಬೇಕಲ್ಲ," ಅಂದರು.

ಹೊರಗಿನಿಂದ ದೊರೆ ಗಾಜು ಕೆರೆದ. ಭಾವ ಎಡಗೈಯಲ್ಲಿ ವಾಕರ್ ತಿರುಗಿಸಿಕೊಂಡರು.