ತಂಡೇಲರು ಬಾಯಿ ಮುಚ್ಚಿಹಿಡಿದದ್ದು

ಮೊನ್ನೆ ಪಾರ್ಸೆಲ್ಲೊಂದರ ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕನ್ನು ಸುಮ್ಮನೆ ಒತ್ತಿದೆ. ಬೆರಳಡಿ ಚಟಚಟ ಸಿಡಿಯಿತು. ಕೈ ಹಿಂದೆಗೆದೆ. ಅದು ಕಾಪುವಿನ ನಮ್ಮ ಪಕ್ಕದ ಮನೆಯ ತಂಡೇಲರ ಕುತ್ತಿಗೆಯ ಸದ್ದು...

ಬೋಟು ನಡೆಸುವವರನ್ನು ನಮ್ಮಲ್ಲಿ ತಂಡೇಲರೆನ್ನುತ್ತಾರೆ. ಕಡಲು ಎಷ್ಟೇ ಎದ್ದರೂ ತಂಡೇಲ ವಾಂತಿ ಮಾಡಬಾರದು. ಬೋಟಿನವರೆದುರು ಒಮ್ಮೆ ಕಕ್ಕಿದವನ ಮಾತು ಮತ್ತೆ ಯಾರೂ ಕೇಳುವುದಿಲ್ಲ.

ಎಷ್ಟೋ ವರ್ಷದ ಹಿಂದಿನ ಆ ಮಧ್ಯಾಹ್ನ ಅವರ ಅಂಗಳದಲ್ಲಿ ಬೋಟಿನವರಿಗೆಲ್ಲ ಕೋಳಿ ಊಟ. ನಿಟ್ಟೆಯ ಕಾಲೇಜು ಹಾಸ್ಟೆಲಿನಿಂದ ರಜೆಗೆ ಬಂದಿದ್ದ ನಾನೂ ಕೂತಿದ್ದೆ. ತಿಂದದ್ದು, ಕುಡಿದದ್ದು ಹೆಚ್ಚಾಗಿ ತಂಡೇಲರ ಹೊಟ್ಟೆ ತೊಳಸಿತು.

"ಎಂತ ತಂಡೇಲರೇ, ನೆಲದಲ್ಲಿಯೂ ತೆರೆ ಉಂಟಾ?" ಒಬ್ಬ ಕಿಚಾಯಿಸಿದ. ಎಲ್ಲರೂ ನಕ್ಕರು.

ಅವರು ಎರಡೂ ಕೈಯಿಂದ ಬಾಯಿ ಅದುಮಿ ಹಿಡಿದರು. ಮೈಯೆಲ್ಲ ಹಗ್ಗ ಕಟ್ಟಿ ಎಳೆದಂತೆ ಜಗ್ಗಿತು. ಬೆರಳ ಸಂದಿಯಿಂದ ವಾಂತಿ, ಹಿಂದೆಯೇ ರಕ್ತ ಚಿಮ್ಮಿತು. ಆಮೇಲೆ ಆ ಚೀರಾಟ... ಎದೆಯನ್ನು ಉಗುರಿನಿಂದ ಪರಚಿಕೊಳ್ಳುತ್ತ ಊಟದ ಎಲೆಗಳ ಮೇಲೆಯೇ ಹೊರಳಾಡಿದರು.

"ಗ್ಯಾಸ್ ಮಾರಾಯ, ಸೋಡಾ ಕುಡಿಸು!"

ಸೋಡಾ ಇಳಿದಂತೆ ಇನ್ನೂ ಜೋರಾಗಿ ಕೂಗಿದರು.

ಮಣಿಪಾಲದ ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಕುತ್ತಿಗೆ ಉಬ್ಬಿತ್ತು, ಮುಟ್ಟಿದರೆ ಚರ್ಮದಡಿ ಗಾಳಿ ಸಿಡಿಯುತ್ತಿತ್ತು.

ಡಾಕ್ಟರು ಆ ಕುತ್ತಿಗೆಯನ್ನೇ ಒತ್ತಿ ನೋಡಿ, "ನೋವಿಗಿಂತ ಮೊದಲು ವಾಂತಿ ಆಯ್ತಾ?" ಎಂದರು.

ತಂಡೇಲರ ಹೆಂಡತಿ ಹಿಂದೆ ನಿಂತಿದ್ದ ಬೋಟಿನವರನ್ನೊಮ್ಮೆ ನೋಡಿದರು. "ಇಲ್ಲ. ಅವರು ವಾಂತಿ ಮಾಡುವ ಜನ ಅಲ್ಲ."

ಡಾಕ್ಟರು ಮತ್ತೆ ಕೇಳಿದರು. ಆಗ ತಂಡೇಲರೇ ಡಾಕ್ಟರ ತೋಳು ಹಿಡಿದೆಳೆದರು: "ಆಯ್ತು... ನಾನು ಬಾಯಿ ಮುಚ್ಚಿಹಿಡಿದೆ."

ಅನ್ನನಾಳ ಹರಿದಿತ್ತು. ತಡೆದ ವಾಂತಿಯ ಒತ್ತಡಕ್ಕೆ ಹಾಗಾಗುವುದು ಬಲು ಅಪರೂಪವಂತೆ. ಅನ್ನ, ಸೋಡಾ ಎಲ್ಲ ಎದೆಗೂಡಿಗೆ ನುಗ್ಗಿದ್ದು ಸ್ಕ್ಯಾನಿನಲ್ಲಿ ಕಂಡಿತು. ಎದೆ ಸೀಳಿ ತೊಳೆದರು, ಹೊಲಿದರು, ಪಕ್ಕೆಗೆ ನಳಿಗೆ ಇಳಿಸಿದರು. ಬಾಯಿಗೆ ಹನಿ ನೀರೂ ಇಲ್ಲ. ಆದರೂ ನಂಜು ರಕ್ತಕ್ಕೇರಿತು... ಅವರು ಮನೆಗೆ ಬರಲಿಲ್ಲ.

ಆ ಕುತ್ತಿಗೆಯನ್ನು ನಾನು ನಿಜವಾಗಿ ಮುಟ್ಟಿದ್ದೆನೇ? ಆಮೇಲೆ ಈ ಕಾಯಿಲೆಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ. ಓದಿದ್ದೇ ಬೆರಳಿಗೆ ಇಳಿದಿರಬಹುದು. ಅನುಮಾನ ತಾಳಲಾರದೆ ನಿನ್ನೆ ಕಾಪುವಿಗೆ ಹೋದೆ. ಬೋಟು ಎಂದೋ ಮಾರಾಟವಾಗಿದೆ. ತಂಡೇಲರ ಹೆಂಡತಿ ಜಗಲಿಯಲ್ಲಿದ್ದರು. ಆ ದಿನ ಕಾರಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತಲ್ಲವೇ ಎಂದು ಕೇಳಿದೆ.

"ನೀನು ಹಿಂದೆ ಬೇರೆ ಕಾರಲ್ಲಿ ಬಂದದ್ದು ಅಲ್ವಾ? ತಲೆ ಇದ್ದದ್ದು ನನ್ನ ಮಡಿಲಲ್ಲಿ."

"ಹಾಗಾದರೆ ಆ ವಾಂತಿ..."

"ಎಂತ ವಾಂತಿ?" ಅವರ ಸ್ವರ ಏರಿತು. "ಅವರು ವಾಂತಿ ಮಾಡ್ಲೇ ಇಲ್ಲ."

ಬೆರಳ ಸಂದಿಯಿಂದ ಚಿಮ್ಮಿದ ಆ ಕೆಂಪು ನನ್ನ ಕಣ್ಣೆದುರಿಗಿತ್ತು.

"ಇಲ್ಲ, ಮಾಡ್ಲಿಲ್ಲ" ಎಂದೆ.